ಅಡುಗೆಮನೆಯ ಮಾತಿಗೆ ತರಗತಿಯಲ್ಲಿ ಕೆಲಸ ಕೊಡೋಣ: ತಾಹಿತಿಯ ಮನೆಗಳಿಂದ ಒಂದು ಪಾಠ

ಅಭ್ಯಾಸ ಬೋಧನೆಯಲ್ಲಿ ‘ನಮ್ಮ ಸಂಸ್ಕೃತಿ’ ಎಂಬ ಘಟಕ ಬಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಮೊದಲು ಹುಡುಕುವುದು ಚಿತ್ರಪಟ. ಯಕ್ಷಗಾನದ ವೇಷ, ಡೊಳ್ಳು ಕುಣಿತ, ಹಬ್ಬದ ಉಡುಗೆ. ಪಾಠ ಚೆನ್ನಾಗಿಯೇ ನಡೆಯುತ್ತದೆ, ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಅಭಿಪ್ರಾಯವೂ ಸಿಗುತ್ತದೆ. ಆದರೆ ಪರಂಪರೆ ಎಂದರೆ ನಿಂತು ನೋಡುವ ವಸ್ತು ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಪರಂಪರೆ ಮಗುವಿಗೆ ದಾಟುವುದು ದಿನದ ಕೆಲಸದ ನಡುವಿನ ಮಾತಿನಲ್ಲಿ. ಆ ಮಾತಿಗೆ ತರಗತಿಯಲ್ಲೂ ಕೆಲಸ ಕೊಡುವುದು ಶಿಕ್ಷಕರ ಹೊಣೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ದೂರದ ತಾಹಿತಿಯನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ವೇದಿಕೆಯ ಮೇಲೆ ಪರಂಪರೆ ಮರಳಿ ಬಂದದ್ದು, ಮನೆಯೊಳಗೆ ಅದು ಕರಗುತ್ತಿರುವುದು ಎರಡೂ ಅಲ್ಲಿ ಒಟ್ಟಿಗೆ ಕಾಣುತ್ತವೆ.

ತಾಹಿತಿ ದಕ್ಷಿಣ ಪೆಸಿಫಿಕ್ ಸಾಗರದ ಒಂದು ದ್ವೀಪ. ಫ್ರಾನ್ಸಿನ ಅಧೀನದಲ್ಲಿರುವ ಫ್ರೆಂಚ್ ಪಾಲಿನೇಷ್ಯಾದಲ್ಲಿ ಇದೇ ದೊಡ್ಡದು. ರಾಜಧಾನಿ ಪಪೇಟೆ ಇರುವುದೂ ಇಲ್ಲೇ. ಅಲ್ಲಿನ ಐದೂ ದ್ವೀಪಸಮೂಹಗಳನ್ನು ಸೇರಿಸಿದರೂ ಜನಸಂಖ್ಯೆ ಸುಮಾರು 2.8 ಲಕ್ಷ. ಜನರ ಭಾಷೆಯ ಹೆಸರು ರೆಓ ತಾಹಿತಿ. ‘ರೆಓ’ ಎಂದರೆ ದನಿ, ನುಡಿ.

ಅಲ್ಲಿನ ಮನೆಯ ಪರಂಪರೆಯನ್ನು ನೋಡಬೇಕಾದರೆ ಭಾನುವಾರದ ಊಟವನ್ನು ನೋಡಬೇಕು. ಹಿತ್ತಲಿನಲ್ಲಿ ಗುಂಡಿ ತೋಡಿ, ಸೌದೆ ಉರಿಸಿ, ಕಲ್ಲುಗಳನ್ನು ಕಾಯಿಸಿ, ಅದರ ಮೇಲೆ ಕೆಸುವಿನ ಗೆಡ್ಡೆ, ಬಾಳೆ, ಹಂದಿಮಾಂಸ ಇಟ್ಟು, ಎಲೆ ಮತ್ತು ಮಣ್ಣು ಮುಚ್ಚಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಈ ನೆಲದ ಒಲೆಗೆ ‘ಅಹಿಮಾಅ’ ಎಂದು ಹೆಸರು. ಅಹಿ ಎಂದರೆ ಬೆಂಕಿ, ಮಾಅ ಎಂದರೆ ಆಹಾರ. ಗುಂಡಿಯ ಪಕ್ಕ ಕೂತ ಮಗು ಹೆಸರಿನ ಜೊತೆಗೆ ಅದರ ಅರ್ಥವನ್ನೂ ಕಲಿಯುತ್ತದೆ. ಹಸಿ ಮೀನಿಗೆ ನಿಂಬೆರಸ, ತೆಂಗಿನಹಾಲು ಬೆರೆಸಿ ಮಾಡುವ ‘ಇಅ ಓತ’ ಜೊತೆಗಿರುತ್ತದೆ. ಎಲೆ ತರುವುದು, ಕಾಯಿ ತುರಿಯುವುದು, ಹಾಲು ಹಿಂಡುವುದು ಎಲ್ಲವೂ ಮಕ್ಕಳು ಕೈಹಾಕಬಹುದಾದ ಕೆಲಸಗಳೇ.

ಆ ಊಟದಲ್ಲಿ ತಪ್ಪದೆ ಇರುವ ಇನ್ನೊಂದು ಪದಾರ್ಥ ‘ಉರು’. ನಮ್ಮ ಕರಾವಳಿಯ ಜೀಗುಜ್ಜೆ, ಅಂದರೆ ದಿವಿಹಲಸು, ಇದೇ. ಪೆಸಿಫಿಕ್ ದ್ವೀಪಗಳ ಕಡೆಯಿಂದ ಬಂದ ಈ ಮರ ಇಂದು ನಮ್ಮ ಹಿತ್ತಲಿನದೇ ಆಗಿದೆ. ನಮ್ಮಲ್ಲಿ ಉರು ಹೊಡೆಯುವುದು ಎಂದರೆ ಬಾಯಿಪಾಠ ಮಾಡುವುದು. ಅಲ್ಲಿ ಉರು ಎಂದರೆ ಊಟ.

ನೆಂಟಸ್ತಿಕೆಯ ಮಾತುಗಳನ್ನೂ ಗಮನಿಸಬೇಕು. ಹುಡುಗನಿಗೆ ಅಣ್ಣ ‘ತುಅಅನ’, ತಮ್ಮ ‘ತೆಇನ’. ಹುಡುಗಿಗೆ ಅಕ್ಕ, ತಂಗಿಯರೂ ಇದೇ ಹೆಸರಿನವರು. ಫ್ರೆಂಚಿನಲ್ಲಿ ಹಿರಿಯ ಕಿರಿಯರೆಂಬ ಭೇದವಿಲ್ಲದೆ ಸೋದರನಿಗೆ ಒಂದು ಪದ, ಸೋದರಿಗೆ ಒಂದು ಪದ. ಇಂಗ್ಲಿಷಿನ ‘ಬ್ರದರ್’ ಎಂಬುದರಲ್ಲಿ ಅಣ್ಣನೂ ತಮ್ಮನೂ ಒಂದೇ ಆಗುವುದನ್ನು ಕಂಡ ನಮಗೆ ಈ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳನ್ನು ಅಜ್ಜ ಅಜ್ಜಿಯೋ ಬೇರೆ ನೆಂಟರೋ ಸಾಕುವ ಪದ್ಧತಿಯೂ ಅಲ್ಲಿದೆ. ಅದಕ್ಕೆ ‘ಫಅಅಮು’ ಎನ್ನುತ್ತಾರೆ. ಪದದ ಅರ್ಥ ಉಣಿಸುವುದು. ನಾವು ಸಾಕುಮಗ ಎನ್ನುವಲ್ಲಿ ಅವರು ಉಣಿಸಿದ ಮಗು ಎನ್ನುತ್ತಾರೆ.

ಇಷ್ಟು ಗಟ್ಟಿಯಾದ ಮನೆಮಾತು ಏಕೆ ಕರಗಿತು? ಉತ್ತರದ ಒಂದು ಭಾಗ ಶಾಲೆಯಲ್ಲಿದೆ. ದೀರ್ಘಕಾಲ ಅಲ್ಲಿನ ಶಾಲೆಗಳಲ್ಲಿ ಫ್ರೆಂಚ್ ಒಂದೇ ನಡೆಯುತ್ತಿತ್ತು; ತಾಹಿತಿ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. 1960ರ ದಶಕದಲ್ಲಿ ಫ್ರಾನ್ಸ್ ಅಲ್ಲಿ ಅಣ್ವಸ್ತ್ರ ಪರೀಕ್ಷಾ ಕೇಂದ್ರವನ್ನು ತೆರೆಯಿತು. 1966ರಿಂದ 1996ರವರೆಗೆ ಪರೀಕ್ಷೆಗಳು ನಡೆದವು. ಸಂಬಳದ ಕೆಲಸ ಹುಡುಕಿ ಜನ ಪಪೇಟೆಗೆ ಬಂದರು. ಸಂಬಳದ ಭಾಷೆ ಫ್ರೆಂಚ್ ಆಗಿತ್ತು. ಶಾಲೆಯಲ್ಲಿ ಪೆಟ್ಟು ತಿಂದು ಬೆಳೆದವರು ತಮ್ಮ ಮಕ್ಕಳಿಗೆ ಆ ಗತಿ ಬಾರದಿರಲಿ ಎಂದು ಮನೆಯಲ್ಲೂ ಫ್ರೆಂಚ್ ಆಡತೊಡಗಿದರು. ಇದು ಅಕ್ಕರೆಯಿಂದ ತೆಗೆದುಕೊಂಡ ತೀರ್ಮಾನ. ಆ ತಂದೆತಾಯಿಯರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. 2017ರ ಜನಗಣತಿಯ ವೇಳೆಗೆ ಮುಕ್ಕಾಲು ಪಾಲಿನಷ್ಟು ಜನ ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಫ್ರೆಂಚ್ ಆಗಿತ್ತು. ಅಜ್ಜಿ ತಾಹಿತಿಯಲ್ಲಿ ಕೇಳುತ್ತಾಳೆ, ಮೊಮ್ಮಗು ಅರ್ಥಮಾಡಿಕೊಂಡು ಫ್ರೆಂಚಿನಲ್ಲಿ ಉತ್ತರಿಸುತ್ತದೆ. ಮುಂದಿನ ತಲೆಮಾರಿಗೆ ಆ ಅರ್ಥವಾಗುವಿಕೆಯೂ ಉಳಿಯುವುದು ಕಷ್ಟ.

ಇನ್ನೊಂದು ಕಡೆ ನೃತ್ಯದ ಕಥೆ ನೋಡಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮಿಷನರಿಗಳ ಪ್ರಭಾವದಿಂದ ಅಲ್ಲಿನ ಕುಣಿತಗಳಿಗೆ ನಿಷೇಧ ಬಿತ್ತು. 1956ರಲ್ಲಿ ಮ್ಯಾಡಲೀನ್ ಮೌಆ ಎಂಬ ಶಾಲಾ ಶಿಕ್ಷಕಿ ‘ಹೇಇವಾ’ ಎಂಬ ತಂಡ ಕಟ್ಟಿ ನೃತ್ಯಕ್ಕೆ ಮತ್ತೆ ಗೌರವ ತಂದುಕೊಟ್ಟರು. ಇಂದು ಪ್ರತಿ ಜುಲೈನಲ್ಲಿ ನಡೆಯುವ ‘ಹೇಇವಾ ಇ ತಾಹಿತಿ’ ಉತ್ಸವಕ್ಕಾಗಿ ತಂಡಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತವೆ. ಒಬ್ಬ ಶಿಕ್ಷಕಿಯಿಂದ ಇಷ್ಟಾಯಿತು ಎಂಬುದು ನಮಗೆಲ್ಲ ಹೆಮ್ಮೆಯ ಮಾತೇ. ಆದರೂ ನೃತ್ಯ ಬೆಳೆದ ಕಾಲದಲ್ಲೇ ಮನೆಮಾತು ತೆಳುವಾಯಿತು. ವೇದಿಕೆಯ ಮೇಲೆ ತಾಹಿತಿ ಹಾಡು ಹಾಡುವ ಮಗು ಮನೆಗೆ ಬಂದು ಅದೇ ಭಾಷೆಯಲ್ಲಿ ನೀರು ಕೇಳುತ್ತದೆ ಎಂಬ ಭರವಸೆಯಿಲ್ಲ.

ಶಾಲೆ ಸುಮ್ಮನೆ ಕೂತಿಲ್ಲ. 1980ರಲ್ಲಿ ತಾಹಿತಿ ಭಾಷೆಗೆ ಅಧಿಕೃತ ಮನ್ನಣೆ ಸಿಕ್ಕಿತು. ಬೆನ್ನಲ್ಲೇ ಪ್ರಾಥಮಿಕ ಶಾಲೆಗಳಲ್ಲಿ ಅದರ ಕಲಿಕೆ ಆರಂಭವಾಯಿತು. ‘ಓರೆರೊ’ ಎಂಬ ಹಳೆಯ ವಾಗ್ಮಿತೆಯ ಕಲೆಯನ್ನು ಮಕ್ಕಳಿಗೆ ಕಲಿಸಿ ಸ್ಪರ್ಧೆ ನಡೆಸುತ್ತಾರೆ. ಇದೆಲ್ಲ ಒಳ್ಳೆಯದೇ. ಆದರೆ ಶಾಲೆ ದಶಕಗಳ ಕಾಲ ದಿನವಿಡೀ ಕಿತ್ತುಕೊಂಡದ್ದನ್ನು ವಾರಕ್ಕೆ ಕೆಲವೇ ಗಂಟೆಗಳಲ್ಲಿ ಹಿಂದಿರುಗಿಸಲು ಆಗುವುದಿಲ್ಲ. ಮನೆ ಮತ್ತು ತರಗತಿಯ ನಡುವೆ ದಾರಿ ತೆರೆದರೆ ಮಾತ್ರ ಆ ಗಂಟೆಗಳಿಗೆ ಫಲ.

ಈಗ ನಮ್ಮ ತರಗತಿಗೆ ಬರೋಣ. ತಾಹಿತಿಯಲ್ಲಿ ‘ನಾವು’ ಎನ್ನಲು ಬೇರೆ ಬೇರೆ ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ತಾತೌ’, ಅವರನ್ನು ಬಿಟ್ಟರೆ ‘ಮಾತೌ’. ಕರಾವಳಿಯ ಶಾಲೆಯ ತುಳು ಮಗುವಿಗೆ ಇದು ಹೊಸದಲ್ಲ: ‘ನಮ’ ಎಂದರೆ ನೀವೂ ಸೇರಿ, ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು. ನಮ್ಮ ಪಠ್ಯಪುಸ್ತಕದ ‘ನಾವು’ ಎರಡಕ್ಕೂ ಒಂದೇ. ಸರ್ವನಾಮದ ಪಾಠದಲ್ಲಿ ಆ ಮಗುವನ್ನು ನಿಲ್ಲಿಸಿ ‘ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ?’ ಎಂದು ಕೇಳಿದರೆ ಇಡೀ ತರಗತಿಗೆ ವ್ಯಾಕರಣದ ಒಂದು ಸೂಕ್ಷ್ಮ ತಿಳಿಯುತ್ತದೆ. ತಿಳಿಸಿದವರು ಯಾರು? ಅದುವರೆಗೆ ಕನ್ನಡ ಸರಿಯಾಗಿ ಬಾರದು ಎಂದು ಹಿಂದಿನ ಬೆಂಚಿನಲ್ಲಿ ಕೂತ ಮಗು.

ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣವಿದೆ. ಬಹುತೇಕ ಯೋಜನೆಗಳಲ್ಲಿ ಅಲ್ಲಿ ಒಂದೇ ಸಾಲು: ‘ವಿದ್ಯಾರ್ಥಿಗಳಿಗೆ ಈ ವಿಷಯದ ಬಗ್ಗೆ ಸಾಮಾನ್ಯ ತಿಳಿವಳಿಕೆ ಇದೆ.’ ನನ್ನ ಸಲಹೆ ಇಷ್ಟೇ. ವಾರಕ್ಕೊಮ್ಮೆಯಾದರೂ ಆ ಅಂಕಣವನ್ನು ಮಕ್ಕಳೇ ತುಂಬಲಿ. ಹಿಂದಿನ ದಿನ ಅವರಿಗೆ ಒಂದು ಕೆಲಸ ಕೊಡಿ: ಮನೆಯ ಹಿರಿಯರ ಜೊತೆ ಒಂದು ಕೆಲಸ ಮಾಡಿ, ಅದಕ್ಕೆ ಸಂಬಂಧಿಸಿದ ಒಂದು ಮಾತು ಕೇಳಿಕೊಂಡು ಬನ್ನಿ. ಪದ ಮಾತ್ರ ತಂದರೆ ಸಾಲದು, ಕೆಲಸವೂ ಜೊತೆಗಿರಲಿ. ತುಳು, ಕೊಂಕಣಿ, ಬ್ಯಾರಿ, ಲಂಬಾಣಿ, ಉರ್ದು ಯಾವುದೇ ಇರಲಿ, ಆ ಮಾತಿನಿಂದಲೇ ಪಾಠದ ಪೀಠಿಕೆ ಆರಂಭವಾಗಲಿ.

ಇದಕ್ಕೆ ಆಕ್ಷೇಪಗಳಿವೆ. ಒಂದು, ಶಿಕ್ಷಕರಿಗೆ ಅಷ್ಟೆಲ್ಲ ಭಾಷೆ ಬಾರದು. ಬಾರದಿರುವುದೇ ಇಲ್ಲಿ ಅನುಕೂಲ. ಮಗು ಕಲಿಸುವ ಸ್ಥಾನದಲ್ಲಿ ನಿಲ್ಲುತ್ತದೆ. ಎರಡು, ಪಠ್ಯ ಮುಗಿಯುವುದಿಲ್ಲ. ಪೀಠಿಕೆಗೆ ಹೇಗೂ ಐದು ನಿಮಿಷ ಕೊಡುತ್ತೇವೆ, ಅದೇ ಐದು ನಿಮಿಷ ಸಾಕು. ಮೂರನೆಯದು ತೂಕದ್ದು: ಪೋಷಕರಿಗೆ ಬೇಕಿರುವುದು ಇಂಗ್ಲಿಷ್. ಅವರ ಆಸೆ ನ್ಯಾಯವಾದದ್ದು, ತಾಹಿತಿಯ ಪೋಷಕರ ಆಸೆಯಂತೆಯೇ. ಆದರೆ ಮನೆಮಾತು ಬಿಟ್ಟರೆ ಮಾತ್ರ ಇನ್ನೊಂದು ಭಾಷೆ ಬರುತ್ತದೆ ಎಂದು ಅವರಿಗೆ ನಂಬಿಸಿದ್ದು ಶಾಲೆ. ಆ ನಂಬಿಕೆಯನ್ನು ಸಡಿಲಿಸುವ ಕೆಲಸವೂ ಶಾಲೆಯಿಂದಲೇ ಆಗಬೇಕು. ಭಾಷಣದಿಂದ ಅದು ಆಗದು. ತಮ್ಮ ಮಾತಿಗೆ ತರಗತಿಯಲ್ಲಿ ಬೆಲೆಯಿದೆ ಎಂಬುದನ್ನು ಮಗು ಸಂಜೆ ಮನೆಗೆ ಹೋಗಿ ಹೇಳಿದಾಗ ಆಗುತ್ತದೆ.

ಯಕ್ಷಗಾನದ ಚಿತ್ರಪಟ ಗೋಡೆಯ ಮೇಲೆ ಇರಲಿ. ಅದರ ಕೆಳಗೆ ಕೂತ ಮಕ್ಕಳು ಆ ದಿನ ಬೆಳಗ್ಗೆ ಅಜ್ಜಿಯೊಡನೆ ಏನು ಮಾತಾಡಿ ಬಂದರು ಎಂದು ಕೇಳುವುದನ್ನು ಮುಂದಿನ ಅಭ್ಯಾಸ ಬೋಧನೆಯಿಂದಲೇ ಆರಂಭಿಸೋಣ.