ದಿಬ್ಬದ ಧೂಳಿಗೆ ವಾರಸುದಾರರು ಯಾರು?

ಬಂಗಾರಪೇಟೆಯಿಂದ ಹೊರಟ ರೈಲಿಗೆ ಮಾರಿಕುಪ್ಪಂನಲ್ಲಿ ಹಳಿ ಮುಗಿಯುತ್ತದೆ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ಸಿನಿಮಾದವರಿಗೆ ಒಳ್ಳೆಯ ಲೊಕೇಶನ್, ಸರ್ಕಾರಕ್ಕೆ ಉಳಿದ ಚಿನ್ನದ ಗಂಟು. ಸುತ್ತಲಿನ ಲೈನು ಮನೆಗಳವರಿಗೆ ಮಾತ್ರ ಅವು ಬೇಸಿಗೆಯ ಗಾಳಿಗೆ ಅನ್ನದ ತಟ್ಟೆಗೆ ಬಂದು ಬೀಳುವ ಧೂಳು.

ಈ ದಿಬ್ಬಗಳು ದೇವರು ಇಟ್ಟ ಬೆಟ್ಟಗಳಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಆ ನಡುವೆ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಮಿಕ್ಕಿದ್ದನ್ನು ಊರಿನ ಮಗ್ಗುಲಲ್ಲೇ ಸುರಿದರು. ಸೈನೈಡ್ ಬಿಸಿಲಿಗೆ ನಿಧಾನವಾಗಿ ನಾಶವಾದೀತು, ಕಲ್ಲಿನ ಧೂಳು ನಾಶವಾಗುವುದಿಲ್ಲ. ಅದಿರಿನ ಗಂಧಕದ ಅಂಶಕ್ಕೆ ಗಾಳಿ, ಮಳೆನೀರು ತಾಗಿದರೆ ಆಮ್ಲ ಹುಟ್ಟಿ, ಲೋಹಗಳನ್ನು ಬಿಡಿಸಿಕೊಂಡು ತಗ್ಗಿಗೆ ಹರಿಯುತ್ತದೆ. ಕೋಲಾರದಂಥ ಬರದ ಜಿಲ್ಲೆಯಲ್ಲಿ ತಗ್ಗು ಎಂದರೆ ಕೆರೆ, ಹೊಲ, ಬಾವಿ.

ಧೂಳು ಕೊಲ್ಲುತ್ತದೆಂಬುದು ಸರ್ಕಾರಕ್ಕೆ ಗೊತ್ತಿಲ್ಲವೇ? ಗಣಿ ಕಾರ್ಮಿಕರ ಎದೆ ಕಲ್ಲಾಗಿಸುತ್ತಿದ್ದ ಸಿಲಿಕೋಸಿಸ್ ರೋಗಕ್ಕಾಗಿ ಮೈಸೂರು ಸರ್ಕಾರ 1940ರಲ್ಲೇ ನಿಯಮ ಮಾಡಿತ್ತು. ನೆಲದಡಿಯಲ್ಲಿ ರೋಗ ತಂದ ಧೂಳು ನೆಲದ ಮೇಲೆ ಹಾರಿದಾಗ ನಿರಪಾಯಕಾರಿ ಹೇಗಾದೀತು?

ನಮ್ಮದೇ ಕರಾವಳಿಯನ್ನು ನೋಡಿ. 1991ರಲ್ಲಿ ಕೇಂದ್ರ ಸರ್ಕಾರ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ನೆಲವನ್ನು ನಿಯಂತ್ರಣ ವಲಯವೆಂದು ಸಾರಿತು. ಆ ಅಧಿಸೂಚನೆಯನ್ನು 2011ರಲ್ಲಿ, 2019ರಲ್ಲಿ ತಿದ್ದಿ ಬರೆದರು, ಸಡಿಲಿಸಿದರು. ಆದರೂ ತಕರಾರು ಹೂಡಲು ಉಳ್ಳಾಲದ ಮೀನುಗಾರನ ಕೈಯಲ್ಲಿ ಒಂದು ಗೆರೆಯಿದೆ. ದಿಬ್ಬದ ಬುಡದಲ್ಲಿ ಬಾಳುವವರಿಗೂ ಅಂಥದೊಂದು ಗೆರೆ ಬೇಡವೇ?

2024ರ ಜೂನ್‌ನಲ್ಲಿ 13 ದಿಬ್ಬಗಳ ಸಾವಿರ ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಉದ್ಯೋಗ ಬರುತ್ತದೆನ್ನುತ್ತಾರೆ. ಬರಲಿ. ಬೆಳಗಾಗುವ ಮೊದಲೇ ಬೆಂಗಳೂರಿನ ರೈಲು ಹಿಡಿಯುವ ಊರಿಗೆ ಕೆಲಸ ಬೇಡವೆನ್ನಲು ನಾವು ಯಾರು? ಆದರೆ ದಿಬ್ಬ ಕೆದಕುವುದೆಂದರೆ ಕೂತ ಧೂಳನ್ನು ಎಬ್ಬಿಸುವುದು. ಹಾಗಾಗಿ ಮೊದಲು ದಿಬ್ಬಗಳಿಗೆ ಹಸಿರು ಹೊದಿಕೆಯಾಗಲಿ, ಮಳೆನೀರಿಗೆ ತಡೆಕಟ್ಟೆಯಾಗಲಿ. ಮನೆಮನೆಯವರ ಎದೆಯ ತಪಾಸಣೆ, ಬಾವಿಬಾವಿಯ ನೀರಿನ ಪರೀಕ್ಷೆ ನಡೆದು, ಫಲಿತಾಂಶ ಕನ್ನಡ, ತಮಿಳು, ಉರ್ದು ಮೂರರಲ್ಲೂ ಪ್ರಕಟವಾಗಲಿ. ಈ ಷರತ್ತುಗಳೆಲ್ಲ ಗುತ್ತಿಗೆ ಪತ್ರದ ಮೊದಲ ಪುಟದಲ್ಲಿರಲಿ.

ದಿಬ್ಬಗಳಲ್ಲಿರುವುದು ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ. ಒಂದು ಟನ್ನಿನಿಂದ ಗ್ರಾಮಿನ ಲೆಕ್ಕದಲ್ಲಿ ಚಿನ್ನ ತೆಗೆದ ಮೇಲೂ ಆ ಟನ್ನು ಹಾಗೆಯೇ ಉಳಿಯುತ್ತದೆ. ಅದನ್ನು ಯಾರ ಮನೆಯ ಮುಂದೆ ಸುರಿಯುತ್ತೀರಿ? ಇದಕ್ಕೆ ಜವಾಬು ಸಿಗುವವರೆಗೆ ಒಂದು ಬುಟ್ಟಿ ಮಣ್ಣನ್ನೂ ಎತ್ತಕೂಡದು.