ಉಪ್ಪಿನ ಡಬ್ಬಿ ಎಲ್ಲಿ?

ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ಒಂದು ಮನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವ ಮಗಳು ದೀಪಾವಳಿಗೆಂದು ಊರಿಗೆ ಬಂದಿದ್ದಾಳೆ ಎಂದು ಭಾವಿಸಿರಿ. ಹಬ್ಬದಡಿಗೆ ಸಿದ್ಧವಾಗಿದೆ. ಮಗಳು ಮಾತ್ರ ಲ್ಯಾಪ್‌ಟಾಪಿನ ಮುಂದಿನಿಂದ ಏಳಳು. ತಿದ್ದಿದ ಪ್ರೋಗ್ರಾಮು ಸಂಜೆಯೊಳಗೆ ಗಿರಾಕಿಗಳನ್ನು ತಲುಪಬೇಕು. ಬಿಲ್ಡ್ ಆದರೋ ನಡುವೆಯೇ ನಿಂತುಹೋಗಿದೆ.

“ನಿನ್ನೆ ತನಕ ನಡೀತಿತ್ತು ಅಂತಿ, ಇವತ್ತೇನಾತವ್ವಾ?”

“ಕೋಡ್ ಇಡೋ ಜಾಗ ಬದಲಿ ಮಾಡೀವಿ, ಯವ್ವಾ.”

ಒಂದು ಪ್ರೋಗ್ರಾಮನ್ನು ಹಲವರು ಕೂಡಿ ಬರೆಯುತ್ತಾರೆ. ಅವರೆಲ್ಲರ ಬರಹವೂ ರೆಪಾಸಿಟರಿಯೆಂಬ ಭಂಡಾರದಲ್ಲಿ ಸೇರುತ್ತದೆ. ಯಾರೇ ಏನೇ ತಿದ್ದಲಿ, ದೂರದ ಕಂಪ್ಯೂಟರೊಂದು ಅದರ ಹೊಸ ಪ್ರತಿಯನ್ನು ತರಿಸಿಕೊಂಡು, ಜೋಡಿಸಿ, ಪರೀಕ್ಷಿಸುತ್ತದೆ. ಪ್ರತಿಯನ್ನು ತರುವುದೇ ಚೆಕ್‌ಔಟ್. ತಂದಿಡುವ ತಾಣವೇ ಚೆಕ್‌ಔಟ್ ಡೈರೆಕ್ಟರಿ.

ಗಿಟ್‌ಹಬ್ ಆ್ಯಕ್ಷನ್ಸ್ ವ್ಯವಸ್ಥೆಯಲ್ಲಿ, ಬೇರೇನೂ ಹೇಳದಿದ್ದರೆ ಆ ಪ್ರತಿ ‘ವರ್ಕ್‌ಸ್ಪೇಸ್’ ಎಂಬ ಫೋಲ್ಡರಿಗೇ ನೇರವಾಗಿ ಬಂದಿಳಿಯುತ್ತದೆ. ಭಂಡಾರ ಒಂದೇ ಇರುವವರೆಗೆ ತೊಂದರೆಯಿಲ್ಲ. ಎರಡನೆಯದೂ ಬೇಕಾದಾಗ ಅದನ್ನೂ ಅಲ್ಲಿಯೇ ಇಳಿಸಿದರೆ, ಮೊದಲಿನದು ಅಳಿಸಿಹೋಗುತ್ತದೆ. ಆದುದರಿಂದ ‘ಪಾತ್’ ಎಂಬ ಸೂಚನೆಯಿಂದ ಎರಡಕ್ಕೂ ಬೇರೆಬೇರೆ ಫೋಲ್ಡರುಗಳನ್ನು ಗೊತ್ತುಮಾಡಬೇಕು. ಆ ಫೋಲ್ಡರುಗಳು ವರ್ಕ್‌ಸ್ಪೇಸಿನ ಒಳಗೇ ಇರಬೇಕೆಂಬುದು ನಿಯಮ.

ತೊಡಕು ಹುಟ್ಟುವುದು ಇಲ್ಲಿಯೇ. ಕೋಡ್ ಒಳಕೋಣೆಗೆ ಹೋದರೂ ಮುಂದಿನ ಆಜ್ಞೆಗಳು ಎಂದಿನಂತೆ ಪಡಸಾಲೆಯಲ್ಲಿಯೇ ನಿಂತು ಕಡತಗಳನ್ನು ಹುಡುಕುತ್ತವೆ, ಕಾಣದೆ ಕೈಚೆಲ್ಲುತ್ತವೆ. ‘ವರ್ಕಿಂಗ್ ಡೈರೆಕ್ಟರಿ’ ಯಾವುದೆಂದು ಅವಕ್ಕೂ ತಿಳಿಸಬೇಕು. ಅಷ್ಟು ಮಾಡಿದರೂ ಕೆಲವೊಮ್ಮೆ ಬಿಲ್ಡ್ ಸಾಗದು. ಹಿಂದೆಂದೋ ಯಾರೋ ಹಳೆಯ ತಾಣದ ಪೂರ್ಣ ವಿಳಾಸವನ್ನೇ ಸ್ಕ್ರಿಪ್ಟಿನಲ್ಲಿ ಬರೆದಿಟ್ಟಿರುತ್ತಾರೆ. ಎಲ್ಲವೂ ನೆಟ್ಟಗಿದ್ದಷ್ಟು ದಿನ ಆ ತಪ್ಪು ಯಾರ ಕಣ್ಣಿಗೂ ಬೀಳದು.

ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಹಬ್ಬಕ್ಕೆಂದು ಸುಣ್ಣ ಬಳಿಸಿದಾಗ ಅಡಿಗೆಮನೆಯ ಡಬ್ಬಿಗಳು ಸ್ಥಳ ಬದಲಿಸಿದ್ದವು. “ಎಡಗಡೆಯ ಮೂರನೆಯ ಡಬ್ಬಿ” ಎಂದು ರೂಢಿಯಾಗಿದ್ದ ಕೈ, ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿತ್ತು. “ಉಪ್ಪಿನ ಡಬ್ಬಿ ಎಲ್ಲಿ?” ಎಂದು ಕೇಳಿ ತೆಗೆದುಕೊಳ್ಳುವವರಿಗೆ ಆ ಭಯವಿಲ್ಲ.

ಇದು ಒಬ್ಬಿಬ್ಬರ ಪಾಡಲ್ಲ. ಗೂಗಲ್ಲಿನಲ್ಲಿ ಹುಟ್ಟಿದ ‘ಗೋ’ ಭಾಷೆಯಲ್ಲಿ ಬರೆದ ಕೋಡನ್ನು ‘ಗೋಪಾತ್’ ಎಂಬ ಫೋಲ್ಡರಿನೊಳಗೆ ಗೊತ್ತಾದ ಸ್ಥಾನದಲ್ಲಿಯೇ ಇಡಬೇಕಾಗಿತ್ತು. ಅದಕ್ಕಾಗಿಯೇ ಎಷ್ಟೋ ಮಂದಿ ಚೆಕ್‌ಔಟ್ ಡೈರೆಕ್ಟರಿಯನ್ನು ಬದಲಿಸಬೇಕಾಗುತ್ತಿತ್ತು. 2018ರಲ್ಲಿ ಬಂದ 1.11ನೆಯ ಆವೃತ್ತಿಯ ‘ಮಾಡ್ಯೂಲ್’ಗಳು ಆ ಕಟ್ಟನ್ನು ಸಡಿಲಿಸಿದವು.

“ಹಂಗಾದ್ರ ಜಾಗ ನೆಪ್ಪಿಡೂದು ಬಿಟ್ಟು, ಹೆಸರು ಹಿಡಿದು ಹುಡುಕ್ರಲ್ಲ!” ಎಂದಳು ತಾಯಿ.

ಮಗಳು ನಕ್ಕು, ಸ್ಕ್ರಿಪ್ಟಿನಲ್ಲಿದ್ದ ಹಳೆಯ ವಿಳಾಸವನ್ನು ಅಳಿಸಿ, ಅಲ್ಲಿ ವರ್ಕ್‌ಸ್ಪೇಸಿನ ಹೆಸರನ್ನು ಬರೆದಳು. ಕೆಲವು ನಿಮಿಷಗಳಲ್ಲಿ ಪರದೆಯ ಮೇಲೆ ಹಸಿರು ಗುರುತು ಮೂಡಿತು. ಹೋಳಿಗೆ ಇನ್ನೂ ಬಿಸಿಯಾಗಿಯೇ ಇತ್ತು.