ಪ್ಲಗ್ಗಿನ ಮೇಲಿನ ಅಪವಾದ

ಚಾಲೂ ಆಗದ ಯಂತ್ರಕ್ಕೂ ಚಾಲೂ ಆಗಿ ನಿಂತುಬಿಡುವ ಯಂತ್ರಕ್ಕೂ ಅಜಗಜಾಂತರವುಂಟೆಂಬುದನ್ನು ನಮ್ಮ ರೈತರಾಗಲಿ, ಅವರಿಗೆ ಯಂತ್ರ ಮಾರುವವರಾಗಲಿ, ಸಹಾಯಧನ ಕೊಟ್ಟು ಆ ಮಾರಾಟಕ್ಕೆ ದಾರಿ ಮಾಡಿಕೊಡುವ ಇಲಾಖೆಯಾಗಲಿ ಇನ್ನೂ ಮನಗಂಡಂತೆ ತೋರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜವೆನಿಸಿಕೊಂಡ ಸಿಂಧನೂರಿನ ಗದ್ದೆಯ ಬದುವಿನಲ್ಲಿ ಹುಲ್ಲು ಕೊಚ್ಚುವ ಬ್ರಷ್ ಕಟರ್ ಇರಲಿ, ಮಸ್ಕಿ, ಲಿಂಗಸುಗೂರುಗಳ ಎರೆಹೊಲದ ಹತ್ತಿ ತೊಗರಿಗಳ ನಡುವೆ ಬೆನ್ನಿಗೇರಿಸಿಕೊಂಡು ಎಣ್ಣೆ ಹೊಡೆಯುವ ಪವರ್ ಸ್ಪ್ರೇಯರ್ ಇರಲಿ, ಅದು ಕೈಕೊಟ್ಟಾಗ ಕೇಳಿಬರುವ ದೂರು ಒಂದೇ: “ಚಾಲೂ ಆಗ್ತದ್ರೀ, ಎರಡು ಸಾಲು ಹೋಗೂದ್ರಾಗ ಬಂದ್ ಬೀಳ್ತದ.” ಆ ದೂರಿಗೆ ದೊರೆಯುವ ಚಿಕಿತ್ಸೆಯೂ ಬಹುಮಟ್ಟಿಗೆ ಒಂದೇ; ಪ್ಲಗ್ ಬಿಚ್ಚಿ ಎಸೆದು ಹೊಸದನ್ನು ಹಾಕುವುದು. ಹೊಸ ಪ್ಲಗ್ಗೂ ಎರಡು ಸಾಲು ನಡೆದು ನಿಲ್ಲುತ್ತದೆ. ಆಮೇಲೆ ಯಂತ್ರವೇ ಕಳಪೆಯೆಂಬ ತೀರ್ಪು ಹೊರಟು, ಅದು ಕೊಟ್ಟಿಗೆಯ ಮೂಲೆ ಸೇರುತ್ತದೆ.

ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ, ಕವಾಟಗಳ ಗೋಜಿಲ್ಲದ ಟೂ-ಸ್ಟ್ರೋಕ್ ಎಂಜಿನ್ನಿನ ವಂಶದವೇ ಈ ಪುಟ್ಟ ಯಂತ್ರಗಳಲ್ಲಿ ಹೆಚ್ಚಿನವು. ಪಿಸ್ಟನ್ನಿನ ಕೆಳಗಿನ ಕೋಣೆಯೇ ಇಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಎಳೆದುಕೊಂಡು ಮೇಲಕ್ಕೆ ನೂಕುವುದರಿಂದ, ಆ ಕೋಣೆಯಲ್ಲಿ ಬೇರೆಯಾಗಿ ಆಯಿಲ್ ತುಂಬಿಡುವಂತಿಲ್ಲ. ಪೆಟ್ರೋಲಿನಲ್ಲಿ ಬೆರೆತು ಬಂದ ಆಯಿಲ್ಲೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ರಕ್ಷೆ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನೂ, ಹಳ್ಳಿಯ ಹಾಲಿನ ಕ್ಯಾನುಗಳನ್ನು ಹೊತ್ತ ಲೂನಾ, ಟಿವಿಎಸ್ ಮೊಪೆಡ್ಡುಗಳನ್ನೂ ಓಡಿಸಿದವರಿಗೆ ಈ ಸಂಗತಿ ಹೊಸದಲ್ಲ. ಆ ಪೀಳಿಗೆಯೊಂದಿಗೆ ಈ ತಿಳಿವಳಿಕೆಯೂ ಹಿಂದೆ ಸರಿಯುತ್ತಿರುವುದೇ ಇಂದಿನ ತೊಡಕು.

ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಇಂತಹ ಎಂಜಿನ್ನಿನಲ್ಲಿ ಪ್ಲಗ್ ಸೆಕೆಂಡಿಗೆ ನೂರು ಬಾರಿ ಕಿಡಿ ಹಾರಿಸಬೇಕು. ಐದು ನಿಮಿಷ ಸರಾಗವಾಗಿ ನಡೆದ ಯಂತ್ರದಲ್ಲಿ ಅದು ಮೂವತ್ತು ಸಾವಿರ ಸಲ ತನ್ನ ಕರ್ತವ್ಯವನ್ನು ನಿರ್ವಹಿಸಿತೆಂದೇ ಅರ್ಥವಷ್ಟೆ. ಆದುದರಿಂದ ಕಿಡಿಯೂ ಉಂಟು, ಒತ್ತಡವೂ ಉಂಟು ಎಂಬುದು ಸಿದ್ಧವಾಗಿ, ಸಂಶಯವು ಮೊದಲು ಸಲ್ಲಬೇಕಾದದ್ದು ಪೆಟ್ರೋಲು ಬರುವ ದಾರಿ, ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ ಎಂಬ ಮೂರಕ್ಕೆ. ನಿಂತ ಕೂಡಲೇ ಪ್ಲಗ್ ಬಿಚ್ಚಿ ನೋಡಬೇಕು, ನಿಜ. ಅದು ಬದಲಿಸುವುದಕ್ಕಲ್ಲ, ಅದರ ಹೇಳಿಕೆ ಪಡೆಯುವುದಕ್ಕೆ. ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಬೂದಿಬಿಳುಪಾಗಿದ್ದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಮಸಿ ಮೆತ್ತಿದ್ದರೆ ಗಾಳಿಯ ಫಿಲ್ಟರ್ ಕಟ್ಟಿದೆ ಅಥವಾ ಆಯಿಲ್ ಅತಿಯಾಗಿದೆ. ಕಾದ ಮೇಲೆ ಮಾತ್ರ ನಿಂತು, ಆರಿದ ಮೇಲೆ ಮತ್ತೆ ಓಡುವ ಯಂತ್ರದ ಪ್ಲಗ್ ಒದ್ದೆಯಾಗಿದ್ದು ಕಿಡಿಯೇ ಕಾಣದಿದ್ದರೆ, ಆಗ ಕಾಯಿಲ್ಲನ್ನು ಅನುಮಾನಿಸಬಹುದು. ಹೀಗೆ ಇಡೀ ಪ್ರಕರಣದ ಸಾಕ್ಷಿಯಾಗಬೇಕಾದದ್ದನ್ನೇ ಅಪರಾಧಿಯೆಂದು ಗಡೀಪಾರು ಮಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಪೆಟ್ರೋಲಿನ ದಾರಿಯ ಮೊದಲ ಬಾಗಿಲು ಟ್ಯಾಂಕಿನ ಮುಚ್ಚಳ. ಟ್ಯಾಂಕಿನೊಳಗೆ ಪೆಟ್ರೋಲು ಇಳಿದಂತೆ ಹೊರಗಿನ ಗಾಳಿ ಒಳಸೇರಲೆಂದು ಅದರಲ್ಲಿ, ಅಥವಾ ಅದರ ಸಮೀಪದಲ್ಲಿ, ಒಂದು ಸೂಕ್ಷ್ಮ ರಂಧ್ರವಿರುತ್ತದೆ. ಎರೆಮಣ್ಣಿನ ಧೂಳೂ ಆಯಿಲ್ಲಿನ ಜಿಡ್ಡೂ ಕೂಡಿ ಆ ರಂಧ್ರವನ್ನು ಮುಚ್ಚಿದರೆ, ಟ್ಯಾಂಕಿನೊಳಗೆ ನಿರ್ವಾತವುಂಟಾಗಿ, ತುಂಬಿದ ಟ್ಯಾಂಕಿನ ಎದುರಿನಲ್ಲಿಯೇ ಎಂಜಿನ್ ಪೆಟ್ರೋಲಿಲ್ಲದೆ ಸಾಯುತ್ತದೆ. ನಿಂತ ಯಂತ್ರದ ಮುಚ್ಚಳವನ್ನು ಮೆಲ್ಲಗೆ ತಿರುವಿದಾಗ ‘ಸುಸ್’ ಎಂದು ಗಾಳಿ ಒಳನುಗ್ಗಿದ ಸದ್ದು ಕೇಳಿ, ಹಗ್ಗ ಎಳೆದೊಡನೆ ಅದು ಮತ್ತೆ ಐದು ನಿಮಿಷ ಓಡಿತೆಂದರೆ ರೋಗನಿದಾನ ಮುಗಿಯಿತು. ಚಿಕಿತ್ಸೆಗೆ ಬೇಕಾದದ್ದು ಮುಚ್ಚಳವನ್ನು ತೊಳೆಯಲು ಒಂದು ತೊಟ್ಟು ಪೆಟ್ರೋಲು. ಇಷ್ಟಕ್ಕಾಗಿ ದುಡಿಮೆಯ ದಿನವೊಂದನ್ನು ಕಳೆದುಕೊಂಡು, ಯಂತ್ರವನ್ನು ಬೈಕಿನ ಹಿಂದೆ ಕಟ್ಟಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವವರು ಎಷ್ಟೋ ಮಂದಿ.

ಮುಚ್ಚಳ ನಿರ್ದೋಷಿಯಾದರೆ, ಟ್ಯಾಂಕಿನ ತಳದಲ್ಲಿ ಬಿದ್ದಿರುವ ಪುಟ್ಟ ಫಿಲ್ಟರನ್ನು ತಂತಿಯ ಕೊಕ್ಕೆಯಿಂದ ಹೊರಗೆಳೆದು ನೋಡಬೇಕು. ಅದಕ್ಕೆ ಸೇರಿದ ಪೈಪು ಬಿಸಿಲಿಗೂ ಪೆಟ್ರೋಲಿಗೂ ಗಡುಸಾಗಿ ಬಿರಿದಿದ್ದರೆ, ಟ್ಯಾಂಕ್ ತುಂಬಿರುವಾಗ ನೆಟ್ಟಗೆ ಓಡಿದ ಯಂತ್ರ ಅರ್ಧ ಖಾಲಿಯಾದೊಡನೆ ಗಾಳಿಯನ್ನು ಹೀರಿ ನಿಲ್ಲುತ್ತದೆ. ಚೋಕ್ ಎಳೆದಿಟ್ಟರೆ ಮಾತ್ರ ಓಡುವ ಯಂತ್ರದಲ್ಲಿ ಕಾರ್ಬ್ಯುರೇಟರಿನ ಜೆಟ್ ಕಟ್ಟಿರುತ್ತದೆ, ಇಲ್ಲವೆ ಎಲ್ಲಿಯೋ ಗ್ಯಾಸ್ಕೆಟ್ ಸೀಳಿ ಕಳ್ಳಗಾಳಿ ನುಗ್ಗುತ್ತಿರುತ್ತದೆ. ಯಾವ ಓರೆಯಲ್ಲಿ ಹಿಡಿದರೂ ನಡೆಯಬೇಕಾದ ಬ್ರಷ್ ಕಟರಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಮೇಲೆತ್ತುವುದು ತೆಳುವಾದ ಡಯಾಫ್ರಂ ಪೊರೆ. ಅದು ಬಿರುಸಾಯಿತೆಂದರೆ ಸ್ಕ್ರೂಗಳನ್ನು ಎತ್ತ ತಿರುವಿದರೂ ಪ್ರಯೋಜನವಿಲ್ಲ, ಬದಲಿಸಲೇಬೇಕು. ಇನ್ನು ಹೊಗೆಯ ದಾರಿ: ವೇಗ ಏರದೆ ಉಸಿರುಗಟ್ಟಿದಂತಾಗುವ ಹಳೆಯ ಯಂತ್ರದ ಸೈಲೆನ್ಸರ್ ಬಿಚ್ಚಿ, ಪಿಸ್ಟನ್ನಿನಿಂದ ರಂಧ್ರವನ್ನು ಮರೆಮಾಡಿಕೊಂಡು, ಮಸಿಯನ್ನು ಕಟ್ಟಿಗೆಯ ಚೂರಿನಿಂದ ಕೆರೆಯಬೇಕು, ಸ್ಕ್ರೂಡ್ರೈವರ್ ಸರ್ವಥಾ ಕೂಡದು.

ಆದರೆ ಇವೆಲ್ಲಕ್ಕೂ ಮೂಲದಲ್ಲಿರುವುದು ಪೆಟ್ರೋಲು. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆತುದನ್ನು ಓದುಗರು ಬಲ್ಲರು. ಕಾರು ಬೈಕುಗಳ ಮೇಲೆ ಅದರ ಪರಿಣಾಮವನ್ನು ಕುರಿತು ಯಥೇಷ್ಟವಾಗಿ ಚರ್ಚೆ ನಡೆದಿದೆ. ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲ ಟ್ಯಾಂಕಿನಲ್ಲಿ ಪೆಟ್ರೋಲು ಹೊತ್ತುಕೊಂಡೇ ಮಲಗುವ ಈ ಕೃಷಿಯಂತ್ರಗಳ ಗತಿಯನ್ನು ಯಾರೂ ವಿಚಾರಿಸಿದಂತಿಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದಾಗ ಎಥನಾಲೂ ನೀರೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಇದು ಇಮ್ಮಡಿ ಅಪಾಯ, ಏಕೆಂದರೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿದು, ತಳದಲ್ಲಿರುವ ಫಿಲ್ಟರ್ ಮೊದಲು ಹೀರುವುದು ಆಯಿಲ್ಲಿಲ್ಲದ ಆ ಕೆಳಪದರವನ್ನು. ಯಂತ್ರ ನಿಂತುಹೋದರೆ ಪುಣ್ಯ. ನಿಲ್ಲದೆ ಓಡಿದರೆ ಪಿಸ್ಟನ್ ಗೀರುಬಿದ್ದು ಜಾಮ್ ಆಗುತ್ತದೆ. ಕಿರಾಣಿ ಅಂಗಡಿಯ ಮುಂದೆ ಬಿಸಿಲಿನಲ್ಲಿ ಬಾಟಲಿಗಳಲ್ಲಿ ತೂಗುವ ಪೆಟ್ರೋಲನ್ನು ಇದಕ್ಕೆ ಹಾಕುವುದಂತೂ ಬೇಡವೇ ಬೇಡ.

ಆಯಿಲ್ಲಿನ ಕಥೆಯೂ ಇಂತಹುದೇ. ಟೂ-ಸ್ಟ್ರೋಕ್ ಬೈಕುಗಳಿದ್ದ ಕಾಲದಲ್ಲಿ ಬಂಕಿನಲ್ಲಿಯೇ 2ಟಿ ಆಯಿಲ್ಲನ್ನು ಅಳೆದು ಹಾಕಿಕೊಡುತ್ತಿದ್ದರು. ಆ ಬೈಕುಗಳು ಮರೆಯಾದಂತೆ ಆ ವ್ಯವಸ್ಥೆಯೂ ಮರೆಯಾಯಿತು. ಈಗ ಅಳತೆ ರೈತನ ಕೈಗೇ ಬಿದ್ದಿದೆ; ಅವನ ಕೈಗೆ ಸಿಗುವುದು ಟ್ರ್ಯಾಕ್ಟರಿನ ಎಂಜಿನ್ ಆಯಿಲ್, ಅಳತೆಗೆ ಬಾಟಲಿಯ ಮುಚ್ಚಳ. ಯಂತ್ರದ ಕೈಪಿಡಿ 25ಕ್ಕೆ 1 ಎಂದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದರೆ 20 ಮಿಲಿ. ಆ ಕೈಪಿಡಿ ಅನೇಕ ಸಲ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುವುದರಿಂದ ಪೆಟ್ಟಿಗೆಯೊಳಗೇ ಉಳಿದುಹೋಗುತ್ತದೆ. ಟ್ರ್ಯಾಕ್ಟರಿನ ಆಯಿಲ್ ಉರಿದುಹೋಗಲು ಮಾಡಿದ್ದಲ್ಲ. ಅದು ಬಿಟ್ಟುಹೋಗುವ ಬೂದಿಯೂ ಮಸಿಯೂ ಪ್ಲಗ್ಗನ್ನೂ ಸೈಲೆನ್ಸರನ್ನೂ ಕಟ್ಟಿಬಿಡುತ್ತವೆ.

ಈ ಸೀಮೆ ಯಂತ್ರವಿದ್ಯೆಗೆ ಹೊಸತಾಗಿದ್ದರೆ ಈ ಅಜ್ಞಾನವನ್ನು ಕ್ಷಮಿಸಬಹುದಿತ್ತು. ಆದರೆ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಸ್ಥಾಪಿತವಾಗಿ ಇಂದಿಗೂ ಚಿನ್ನ ತೆಗೆಯುತ್ತಿರುವ ಹಟ್ಟಿ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನವನ್ನು 1915ರಲ್ಲಿ ಮಸ್ಕಿಯಲ್ಲಿ ಕಂಡ ಬೀಡನ್ ಕೂಡ ಚಿನ್ನದ ಶೋಧದಲ್ಲಿದ್ದ ಎಂಜಿನಿಯರನೇ. ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿಯೂ ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಿಯೂ ಪಳಗಿದ ಕೈಗಳಿಗೆ ಕೊರತೆಯಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೇ ಇದೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಕೊಡುವ ಸರ್ಕಾರ, ಅದರ ಲವಲೇಶವನ್ನಾದರೂ ಆ ಯಂತ್ರವನ್ನು ನಡೆಸುವ ತಿಳಿವಳಿಕೆಗೆ ಖರ್ಚು ಮಾಡಿದ್ದರೆ, ಕೊಟ್ಟಿಗೆಗಳಲ್ಲಿ ಇಷ್ಟು ಯಂತ್ರಗಳು ಧೂಳು ತಿನ್ನುತ್ತಿರಲಿಲ್ಲ. ಬ್ಯಾಟರಿ ಪಂಪುಗಳೂ ಡ್ರೋನುಗಳೂ ಬಂದಿವೆ, ಇನ್ನು ಈ ಹೊಗೆಯ ಯಂತ್ರಗಳೇಕೆ ಎಂಬ ವಾದವೂ ಉಂಟು. ಆದರೆ ಎದೆಯೆತ್ತರ ಬೆಳೆದು ಒತ್ತಾದ ಹತ್ತಿಯ ಒಡಲಿಗೆ ಗಾಳಿಯ ರಭಸದಿಂದ ಔಷಧ ನುಗ್ಗಿಸುವ ಶಕ್ತಿ ಸಾಧಾರಣ ಬ್ಯಾಟರಿ ಪಂಪಿಗಿಲ್ಲ, ಡ್ರೋನ್ ಸಣ್ಣ ಹಿಡುವಳಿದಾರನ ಕೈಗೆಟುಕುವಂತಿಲ್ಲ.

ಕೃಷಿ ಇಲಾಖೆ ಮಾಡಬೇಕಾದದ್ದು ಹೆಚ್ಚೇನಲ್ಲ. ಸಹಾಯಧನದ ಯಂತ್ರದೊಡನೆ ಕನ್ನಡದ ಕೈಪಿಡಿ, ಅಳತೆಯ ಬಾಟಲಿ, ಒಂದು ಡಯಾಫ್ರಂ ಕಿಟ್ ಇರಲೇಬೇಕೆಂದು ಮಾರಾಟಗಾರರಿಗೆ ಕಟ್ಟು ಮಾಡಲಿ. ಮುಂಗಾರಿಗೆ ಮುನ್ನ ಈ ಮೂರೂ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಲ್ಲಿ, ಊರಿನ ಮೆಕ್ಯಾನಿಕರನ್ನೂ ಐಟಿಐ ಹುಡುಗರನ್ನೂ ಕೂರಿಸಿ, ರೈತರು ತಮ್ಮ ಯಂತ್ರಗಳನ್ನು ತಂದು ತಾವೇ ಬಿಚ್ಚಿ ಕಲಿಯುವಂತೆ ದಿನವೊಂದನ್ನು ಗೊತ್ತುಪಡಿಸಲಿ. ರೈತ ಬಾಂಧವರಲ್ಲಿಯೂ ಒಂದು ಮಾತು: ಹಂಗಾಮು ಮುಗಿದು ಯಂತ್ರವನ್ನು ಎತ್ತಿಡುವ ಮುನ್ನ ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲೆಲ್ಲ ಉರಿದು ತಾನಾಗಿಯೇ ನಿಲ್ಲುವವರೆಗೆ ಓಡಿಸಿ, ಆಮೇಲೆ ಎತ್ತಿಡಿರಿ, ಮುಂದಿನ ಹಂಗಾಮಿಗೆ ಹೊಸ ಪೆಟ್ರೋಲು, ಅಳೆದ 2ಟಿ ಆಯಿಲ್, ತೊಳೆದ ಗಾಳಿ ಫಿಲ್ಟರ್ ಇವಿಷ್ಟನ್ನು ಕೊಟ್ಟು ಹಗ್ಗ ಎಳೆಯಿರಿ.